ಐದನೇ ಮಹಡಿಯ ಪೊಟ್ಟಣ

"ನನಗೆ ಜ್ವರ ಬಂದದ್ದು ಈ ಗೋಡೆಗಳಿಗೂ ಗೊತ್ತಿರಲಿಲ್ಲ ಅಮ್ಮಾ," ಎಂದಳು ಹೊಲಿಗೆಯವಳು. "ಹಾಗಿದ್ದ ಮೇಲೆ ಈ ಮಾತ್ರೆ ಇಲ್ಲಿಗೆ ಹೇಗೆ ಬಂತು?"

ಪೊಟ್ಟಣ ಕಿಟಕಿಯ ಹೊರಗಿನ ಅಂಚಿನ ಮೇಲೆ ಕೂತಿತ್ತು. ಬಿಳಿ ಕಾಗದದ, ಅಂಗೈಯಗಲದ ಪೊಟ್ಟಣ; ಒಳಗಿನ ಮಾತ್ರೆಗಳು ಮೇಲಿಂದಲೇ ಉಬ್ಬಿ ಕಾಣುತ್ತಿದ್ದವು. ಅದರ ಕೊರಳಿಗೆ ಮೀನು ಹಿಡಿಯುವ ದಾರದಂಥ ತೆಳ್ಳಗಿನ ನೈಲಾನ್ ಎಳೆ.

ಹುಡುಕಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದಳು. ಹತ್ತಿ ಬರಲು ಕೊಳವೆಯಿಲ್ಲ, ನಿಲ್ಲಲು ಬಾಲ್ಕನಿಯಿಲ್ಲ. ಎದುರಿಗೆ ಬರೀ ಆಕಾಶ, ಅದರಾಚೆ ಎರಡನೇ ಬ್ಲಾಕಿನ ಬೆನ್ನು. ಕಾಗೆ ಬಂದು ಕೂರಬಹುದು, ಅಷ್ಟೆ.

"ಕಾಗೆ ತಂದಿಟ್ಟಿರಲಿಕ್ಕಿಲ್ಲ," ಎಂದಳು. "ಅದು ಕಿತ್ಕೊಂಡು ಹೋಗೋ ಪೈಕಿ, ಕೊಡೋ ಪೈಕಿ ಅಲ್ಲ."

ಹೊಲಿಗೆಯವಳು ನಗಲಿಲ್ಲ. ಕೊರಳಲ್ಲಿದ್ದ ಅಳತೆಯ ಟೇಪನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ನಿಂತಿದ್ದಳು. ಜ್ವರ ಇಳಿದು ಮುಖ ತೊಳೆದಿಟ್ಟ ಪಾತ್ರೆಯ ಹಾಗೆ ಬರಿದಾಗಿತ್ತು. ಬಾಗಿಲ ಬಳಿ ಒಂದು ಚೀಲ ಆಗಲೇ ಕಟ್ಟಿ ನಿಂತಿತ್ತು.

ಕಳೆದುಹೋದವರನ್ನು ಹುಡುಕಿಕೊಡುವುದು ಹುಡುಕಮ್ಮನ ಕಸುಬು; ಆ ಕಸುಬೇ ಅವಳಿಗೆ ಹೆಸರೂ ಆಗಿಬಿಟ್ಟಿತ್ತು. ಹೆಂಡತಿಯನ್ನು ಹುಡುಕಿಕೊಡಿ ಎಂದು ಈ ಹೆಣ್ಣಿನ ಗಂಡ ಕೊಟ್ಟ ಕೆಲಸವನ್ನು ಅವಳು ಮಾಡಿ ಮುಗಿಸಿದ್ದಳು. ಹುಡುಕಿದ್ದನ್ನು ಮಾತ್ರ ಅವನಿಗೆ ಕೊಟ್ಟಿರಲಿಲ್ಲ. ಸಿಗಲಿಲ್ಲ ಎಂದು ಹೇಳಿ ಕಳಿಸಿದ್ದಳು. ಈ ಕೋಣೆಯಲ್ಲಿರುವವಳು ಯಾರೆಂದು ಬಲ್ಲವಳು ಜಗತ್ತಿನಲ್ಲಿ ಅವಳೊಬ್ಬಳೇ.

ಅಥವಾ ಇಂದು ಬೆಳಗಿನವರೆಗೆ ಹಾಗೆಂದುಕೊಂಡಿದ್ದಳು.

"ಅವನೇ ಅಮ್ಮಾ. ಅವನಿಗೆ ಗೊತ್ತಾಗಿದೆ."

"ನಿನಗೆ ಜ್ವರ ಬಂದಾಗ ಮಾತ್ರೆ ತಂದುಕೊಡ್ತಿದ್ನಾ ನಿನ್ನ ಗಂಡ?"

"ಅವನಿಗೆ ಬಂದ್ರೆ ಅದು ಜ್ವರ. ನನಗೆ ಬಂದ್ರೆ ನಾಟಕ."

"ಹಾಗಾದ್ರೆ ಇದು ಅವನ ಕೈಕೆಲಸ ಅಲ್ಲ."

"ಅವನು ಏನು ಬೇಕಾದ್ರೂ ಮಾಡ್ತಾನೆ. ನಿಮ್ಮ ಮುಂದೆ ಅತ್ತಿದ್ದ ಅಲ್ವಾ?"

ಅತ್ತಿದ್ದ. ಅಳುವುದರಲ್ಲಿ ಅವನು ಎತ್ತಿದ ಕೈ. ಅವನು ಎದ್ದು ಹೋದ ಮೇಲೆ ಕುರ್ಚಿಯ ತೋಳು ಒದ್ದೆಯಾಗಿತ್ತು.

"ಬೆನ್ನಿಗೆ ಅಣ್ಣನೋ ತಮ್ಮನೋ ಒಬ್ಬ ಇದ್ದಿದ್ರೆ ನಾನು ಯಾಕಮ್ಮಾ ಹೀಗೆ ಬಿಲ ಸೇರ್ತಿದ್ದೆ," ಎಂದಳು ಹೊಲಿಗೆಯವಳು. "ಒಬ್ಬಳೇ ಮಗಳು ಅಂತ ಮುದ್ದು ಮಾಡಿದ್ರು, ಮುಗೀತು. ಈಗ ಮತ್ತೆ ಹೊರಡ್ಬೇಕು. ಬಟ್ಟೆ ಚೀಲಕ್ಕೆ ಹಿಡೀತು. ಮೆಷಿನ್ ಹಿಡಿಯಲ್ಲ."

ಹೊಲಿಗೆ ಯಂತ್ರ ಕಿಟಕಿಯ ಪಕ್ಕದಲ್ಲಿತ್ತು. ಸೂಜಿಯ ಕೆಳಗೆ ಅರ್ಧ ಹೊಲಿದ ಶಾಲೆಯ ಸಮವಸ್ತ್ರದ ತೋಳು. ತನ್ನದೇ ದುಡಿಮೆಯಲ್ಲಿ ಅವಳು ಕೊಂಡ ಮೊದಲ ವಸ್ತು ಅದು. ಆ ಕೋಣೆಯಲ್ಲಿ ಒಂದು ತಟ್ಟೆ, ಒಂದು ಲೋಟ, ಒಂದು ದಿಂಬು ಇದ್ದವು. ಎರಡೆರಡಿದ್ದದ್ದು ಕತ್ತರಿ ಮಾತ್ರ.

ಹುಡುಕಮ್ಮ ಪೊಟ್ಟಣವನ್ನು ಯಂತ್ರದ ಹಲಗೆಯ ಮೇಲಿಟ್ಟು ಬಿಚ್ಚಿದಳು. ಒಳಗೆ ಮಾತ್ರೆಯ ಮೂರು ಚಿಕ್ಕ ಪೊಟ್ಟಣಗಳು. ಅಂಟಿಲ್ಲ, ಪಿನ್ನಿಲ್ಲ. ಕಾಗದದ ತುದಿಯನ್ನು ಕಾಗದದೊಳಗೇ ಸಿಕ್ಕಿಸಿ ಮಡಿಸಿದ್ದು. ಎರಡು ಒಂದೇ ಥರ ಇದ್ದವು. ಮೂರನೆಯದರ ಒಂದು ಮೂಲೆ ಮಾತ್ರ ನಾಯಿಮರಿಯ ಕಿವಿಯ ಹಾಗೆ ಮೇಲಕ್ಕೆ ಮಡಿಚಿತ್ತು.

ಅವಳ ಬೆರಳು ಆ ಕಿವಿಯ ಮೇಲೆ ನಿಂತಿತು.

ಇಂಥದ್ದನ್ನು ಅವಳು ನೋಡಿದ್ದಳು. ಯಾವುದೋ ಹಳೆಯ ಕಾಲದಲ್ಲಿ, ತಾಯಿಯ ತಲೆದಿಂಬಿನ ಪಕ್ಕದಲ್ಲಿ. ಅದಕ್ಕೆ ಏನೋ ಅರ್ಥವಿತ್ತು. ಏನೆಂಬುದು ಮಾತ್ರ ನೆನಪಿಗೆ ಬರಲೊಲ್ಲದು.

"ಮಲಗಿದ್ದಾಗ ಏನಾದ್ರೂ ಸದ್ದು ಕೇಳಿಸ್ತಾ?"

"ಕಿವಿಯಲ್ಲಿ ಗುಂಯ್ ಅಂತಿತ್ತು. ಸಂಜೆ ಸಂಜೆ. ಜ್ವರದ ಸದ್ದು ಅಂದ್ಕೊಂಡೆ. ಸೆಖೆ ಅಂತ ಪರದೆ ಒಂದು ಗೇಣು ಸರಿಸಿದ್ದೆ, ಅಷ್ಟೇ." ಅವಳ ದನಿ ಸಣ್ಣದಾಯಿತು. "ಆಮೇಲೆ ಇನ್ನೊಂದು ತಪ್ಪು ಮಾಡಿದೆ. ಜ್ವರ ಏರಿದಾಗ ಚಿಲಕ ತೆಗೆದಿಟ್ಟು ಮಲಗಿದೆ. ಬರೀ ಬೀಗದ ಮೇಲೆ ಬಾಗಿಲು ಬಿಟ್ಟೆ."

"ಯಾಕೆ?"

"ಏನಾದ್ರೂ ಆಗಿಹೋದ್ರೆ, ಬಾಗಿಲು ಒಡೆಯೋ ಕಷ್ಟ ಯಾರಿಗೂ ಬೇಡ ಅಂತ."

ಒಂಟಿಯಾಗಿರುವವರ ಲೆಕ್ಕಾಚಾರ ಹುಡುಕಮ್ಮನಿಗೆ ಹೊಸದಲ್ಲ. ಅವಳೂ ಮೈ ಸರಿಯಿಲ್ಲದ ದಿನ ಚಿಲಕ ತೆಗೆದಿಟ್ಟೇ ಮಲಗುತ್ತಿದ್ದಳು.

"ಈಗ ಚಿಲಕ ಹಾಕ್ಕೊ," ಎಂದಳು ಕೊನೆಗೆ. "ನಾನು ಬರೋವರೆಗೂ ತೆಗೀಬೇಡ. ಆದ್ರೆ ಪರದೆ ಹಾಗೇ ಇರಲಿ, ಅದೇ ಒಂದು ಗೇಣು. ಒಮ್ಮೆಲೇ ಮುಚ್ಚಿದ್ರೆ ನೋಡ್ತಿರೋನಿಗೆ ಅನುಮಾನ ಬರುತ್ತೆ. ನೀನು ಕೂತು ನಿನ್ನ ತೋಳು ಹೊಲಿ."

"ಅವನು ನೋಡ್ತಿದ್ರೂ?"

"ಒಂದು ಸ್ವಲ್ಪ ಹೊತ್ತು, ಮಗಳೇ. ಫೋನೂ ಇಲ್ಲ ನಿನ್ನ ಹತ್ರ. ಏನಿದ್ರೂ ನಾನೇ ಬಂದು ಬಾಗಿಲು ತಟ್ತೀನಿ."

ಹೊಲಿಗೆಯವಳು ಫೋನನ್ನು ಬಿಟ್ಟೇ ಮನೆ ಬಿಟ್ಟವಳು; ಇವತ್ತು ಕೆಳಗಿನ ಅಂಗಡಿಯ ಫೋನಿನಿಂದ ಕರೆದಿದ್ದಳು. ಕಿಟಕಿಯ ಕಡೆಗೆ ಬೆನ್ನಾಗದಂತೆ, ಮುಖವೂ ಆಗದಂತೆ ಅವಳು ಯಂತ್ರದ ಮುಂದೆ ಕೂರುವ ಬಗೆ ಹುಡುಕಮ್ಮನಿಗೆ ಸರಿ ಅನಿಸಲಿಲ್ಲ. ಆದರೂ ಹೊರಟಳು. ಹಿಂದೆ ಚಿಲಕ ಬಿದ್ದ ಸದ್ದು ಕೇಳಿದ ಮೇಲೆಯೇ ಲಿಫ್ಟಿನ ಗುಂಡಿ ಒತ್ತಿದಳು.

ನಿವಾಸಿಗಳ ಸಂಘದ ಕಚೇರಿ ನೆಲಮಹಡಿಯಲ್ಲಿ, ನೀರಿನ ಪಂಪಿನ ಕೋಣೆಯ ಪಕ್ಕದಲ್ಲಿತ್ತು. ಮೇಜು, ಅದರ ಹಿಂದೆ ಸಂಘದ ಕಾರ್ಯದರ್ಶಿ, ಗೋಡೆಯ ಮೇಲೆ ಸಂಖ್ಯೆ ಬರೆದ ಕೊಕ್ಕೆಗಳ ಹಲಗೆ, ಕೊಕ್ಕೆಗಳಲ್ಲಿ ಬಾಡಿಗೆ ಮನೆಗಳ ಹೆಚ್ಚುವರಿ ಕೀಗಳು. ಒಂದು ಕೊಕ್ಕೆ ಖಾಲಿಯಿತ್ತು. ಬಾಗಿಲ ಪಕ್ಕದ ಬೆಂಚಿನಲ್ಲಿ ಯಾರೋ ಪತ್ರಿಕೆಯನ್ನು ಪೂರ್ತಿ ಹರಡಿ ಹಿಡಿದು ಓದುತ್ತಿದ್ದರು. ಕಾಲ ಬಳಿ ಕಿತ್ತಳೆ ಹಣ್ಣಿನ ಚೀಲ.

"ಮಗಳಿಗೆ ಇಲ್ಲಿ ಒಂದು ಮನೆ ನೋಡೋಣ ಅಂತ," ಎಂದಳು ಹುಡುಕಮ್ಮ. "ಒಬ್ಬಳೇ ಇರೋಳು. ಭದ್ರತೆ ಹೇಗೆ?"

ಕಾರ್ಯದರ್ಶಿಗೆ ಇದಕ್ಕಿಂತ ಪ್ರಿಯವಾದ ಪ್ರಶ್ನೆ ಇನ್ನೊಂದಿರಲಿಲ್ಲ. "ನಮ್ಮಲ್ಲಿ ಡ್ರೋನ್ ಇದೆ ಮೇಡಂ. ಮಧ್ಯಾಹ್ನ ಒಂದು ಸುತ್ತು, ಸಂಜೆ ಒಂದು ಸುತ್ತು. ಟ್ಯಾಂಕು, ಟೆರೇಸು, ಕಿಟಕಿ, ಎಲ್ಲಾ ಕಣ್ಣಳತೆಯಲ್ಲೇ. ಇರುವೆ ಹತ್ತಿದ್ರೂ ಗೊತ್ತಾಗುತ್ತೆ."

"ಕಿಟಕಿನೂನಾ?"

"ಕಳ್ಳ ಬರೋದೇ ಕಿಟಕೀಲಲ್ವಾ?"

"ಮನೆಯವರು ಒಪ್ಪಿದ್ರಾ?"

"ಸಭೆ ಕರೆದ್ವಿ. ಎಲ್ಲರೂ ಕೈ ಎತ್ತಿದ್ರು."

"ಬಾಡಿಗೆಯವರೂ?"

"ಬಾಡಿಗೆಯವರಿಗೆ ಸಭೆ ಇರಲ್ಲ ಮೇಡಂ." ಅವರು ಮುಂದಕ್ಕೆ ಬಾಗಿದರು. "ಅಲ್ಲ, ಮುಚ್ಚಿಡೋಕೆ ಏನೂ ಇಲ್ಲದೋರಿಗೆ ಪರದೆ ಯಾಕೆ ಹೇಳಿ?"

ಹುಡುಕಮ್ಮ ಅವರ ಹಿಂದಿನ ಕಿಟಕಿಯನ್ನು ನೋಡಿದಳು. ಗಾಜಿಗೆ ಮೇಲಿಂದ ಕೆಳಗಿನವರೆಗೆ ಕಪ್ಪು ಹಾಳೆ ಅಂಟಿಸಿತ್ತು. "ಇದು?"

"ಅದು ಬಿಸಿಲಿಗೆ."

"ಉತ್ತರದ ಕಿಟಕಿಗೆ ಬಿಸಿಲು ಬರುತ್ತಾ?"

ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡರು. ಬೆಂಚಿನ ಮೇಲಿನ ಪತ್ರಿಕೆ ಒಂದು ಪುಟ ತಿರುಗಿತು.

"ಹಾರಿಸೋರು ನೀವೇನಾ?"

"ನನಗೆಲ್ಲಿ ಬಿಡುವು? ಎರಡನೇ ಬ್ಲಾಕಿನಲ್ಲಿ ಕಾಂಪೌಂಡರು ಅಂತ ಹಿರಿಯರಿದ್ದಾರೆ. ಹಳೇ ಧರ್ಮಾಸ್ಪತ್ರೆಯಲ್ಲಿ ಔಷಧಿ ಕಟ್ಟಿಕೊಡ್ತಿದ್ದೋರು. ಆಸ್ಪತ್ರೆ ಮುಚ್ಚಿ ಎಷ್ಟೋ ಕಾಲ ಆಯ್ತು, ಹೆಸರು ಹಾಗೇ ಉಳೀತು. ಒಂಟಿ ಜೀವ. ಪುಕ್ಕಟೆ ಮಾಡಿಕೊಡ್ತೀನಿ ಅಂದ್ರು. ಯಂತ್ರ ಅವರ ಮನೇಲೇ ಇರುತ್ತೆ. ನನ್ನ ನಂಬರ್ ಇಟ್ಕೊಳ್ಳಿ ಮೇಡಂ, ಮಗಳನ್ನ ಕರ್ಕೊಂಡು ಬನ್ನಿ."

ಔಷಧಿ ಕಟ್ಟಿಕೊಡ್ತಿದ್ದೋರು. ಆ ಮಾತು ಕೇಳಿದ್ದೇ ತಡ, ಕಿವಿ ಮಡಿಸಿದ ಪೊಟ್ಟಣದ ಅರ್ಥ ಹುಡುಕಮ್ಮನ ನೆನಪಿಗೆ ತಾನಾಗಿ ಬಂದು ಕೂತಿತು. ಅವಳು ನಂಬರ್ ಬರೆದುಕೊಂಡು ನೇರವಾಗಿ ಎರಡನೇ ಬ್ಲಾಕಿಗೆ ನಡೆದಳು.

ಕಾಂಪೌಂಡರು ಬಾಗಿಲು ತೆರೆದಾಗ ಅವರ ಕೈಯಲ್ಲಿ ಊಟದ ತಟ್ಟೆಯಿತ್ತು. ಎತ್ತರದ, ಸ್ವಲ್ಪ ಬಗ್ಗಿದ ಮನುಷ್ಯ. ಅಂಗಿಯ ಗುಂಡಿಗಳನ್ನು ಕೊರಳವರೆಗೆ ಹಾಕಿಕೊಂಡಿದ್ದರು, ಯಾರೋ ಬರುವವರಿದ್ದಾರೆ ಎಂಬಂತೆ. ಬರುವವರು ಯಾರೂ ಇಲ್ಲವೆಂದು ಆ ಮನೆಯ ಬಾಗಿಲ ಬಳಿ ಇದ್ದ ಒಂದೇ ಜೊತೆ ಚಪ್ಪಲಿ ಹೇಳುತ್ತಿತ್ತು.

ಒಳಗೆ ಊಟದ ಮೇಜು, ಎರಡು ಕುರ್ಚಿ. ಅವರ ಎದುರಿನ ಕುರ್ಚಿಯಲ್ಲಿ ದಿಂಬು, ದಿಂಬಿಗೆ ಒರಗಿಸಿ ಟೀವಿಯಂಥ ಒಂದು ದೊಡ್ಡ ಪರದೆ. ಕೂತ ಮನುಷ್ಯರ ಮುಖ ಎಷ್ಟು ಎತ್ತರಕ್ಕೆ ಬರುತ್ತದೋ ಸರಿಯಾಗಿ ಅಷ್ಟೇ ಎತ್ತರಕ್ಕೆ. ಈಗ ಅದು ಕಪ್ಪಾಗಿತ್ತು. ಹಿತ್ತಲ ಬಾಗಿಲ ಹೊಸ್ತಿಲಲ್ಲಿ ನಾಲ್ಕು ರೆಕ್ಕೆಗಳ ಬೂದು ಯಂತ್ರ, ಹೊಟ್ಟೆಯಡಿ ಅದೇ ನೈಲಾನ್ ಎಳೆಯ ತುಂಡು ನೇತಾಡುತ್ತ, ಸಾಕಿದ ಪ್ರಾಣಿಯ ಹಾಗೆ ಹೊರಗೆ ಮುಖ ಮಾಡಿ ಕೂತಿತ್ತು.

"ಊಟದ ಹೊತ್ತಿಗೆ ಬಂದೆ, ಬೇಜಾರು ಮಾಡ್ಕೋಬೇಡಿ."

"ಬನ್ನಿ ತಾಯಿ, ಕೂತ್ಕೊಳ್ಳಿ." ಎಂದವರು ಎದುರಿನ ಕುರ್ಚಿಯನ್ನು ನೋಡಿ ತಡೆದರು. ಪರದೆಯನ್ನು ಎತ್ತುವುದೋ ಬೇಡವೋ ಎಂಬುದು ಅವರ ಮುಖದಲ್ಲಿ ಕಾಣುತ್ತಿತ್ತು.

ಹುಡುಕಮ್ಮ ಕೂರಲಿಲ್ಲ. ತನ್ನ ಚೀಲದಿಂದ ಆ ಮೂರನೆಯ ಪೊಟ್ಟಣವನ್ನು ತೆಗೆದು ಮೇಜಿನ ಮೇಲಿಟ್ಟಳು. ದಾರಿಯಲ್ಲಿ ಅದರ ಮಡಿಸಿದ ಕಿವಿ ಸ್ವಲ್ಪ ಜಗ್ಗಿತ್ತು.

ಕಾಂಪೌಂಡರ ಕೈ ತಾನಾಗಿಯೇ ಮುಂದೆ ಬಂತು. ಹೆಬ್ಬೆರಳ ಉಗುರಿನಿಂದ ಮೂಲೆಯನ್ನು ತೀಡಿ ಸರಿಮಾಡಿತು. ಆಮೇಲೆ ತಾನು ಮಾಡಿದ್ದೇನೆಂದು ಅವರಿಗೆ ಹೊಳೆಯಿತು. ಕೈ ಅಲ್ಲೇ ಉಳಿಯಿತು.

"ಮೂಲೆ ಮಡಿಸಿದ್ದು ರಾತ್ರಿದು," ಎಂದಳು ಹುಡುಕಮ್ಮ.

"ಹೌದು." ಅವರು ತಟ್ಟೆಯನ್ನು ಮೇಜಿನ ಮೇಲಿಟ್ಟರು. "ಕತ್ತಲಲ್ಲಿ ದೀಪ ಹಚ್ಚೋ ಶಕ್ತಿ ಇರಲ್ಲ ನೋಡಿ ಜ್ವರದವರಿಗೆ. ಕೈಯಲ್ಲಿ ತಡವಿದ್ರೆ ಗೊತ್ತಾಗ್ಲಿ ಅಂತ. ಅವರು ಮಾತ್ರೆ ತಗೊಂಡ್ರಾ?"

"ಇಲ್ಲ. ಹೆದರಿ ಚೀಲ ಕಟ್ಟಿದ್ದಾಳೆ."

"ಹೆದರಿ?" ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ನಾನು ಏನೂ ಕೆಟ್ಟದ್ದು ನೋಡಿಲ್ಲ ತಾಯಿ. ಬಟ್ಟೆ ಬದಲಾಯಿಸೋ ಹೊತ್ತಲ್ಲಿ ತಿರುಗಿಸ್ಕೊಂಡು ಬಂದ್ಬಿಡ್ತೀನಿ. ಅವರು ಹೊಲೀತಿರ್ತಾರೆ. ದಾರ ಹಲ್ಲಲ್ಲಿ ಕಡೀತಾರೆ. ಮಧ್ಯಾಹ್ನ ತಟ್ಟೆ ತಗೊಂಡು ಕಿಟಕಿ ಹತ್ರ ಬಂದು ಕೂರ್ತಾರೆ, ಆವಾಗ ನಾನೂ ಕೂರ್ತೀನಿ. ಅಷ್ಟೇ."

"ಅಷ್ಟೇನಾ?"

"ಆಸ್ಪತ್ರೆಯಲ್ಲಿ ನನಗೊಂದು ಕಿಂಡಿ ಇತ್ತು. ಇಷ್ಟಗಲ. ಊರಿನವರ ಮುಖವೆಲ್ಲ ಆ ಕಿಂಡೀಲಿ ಬರ್ತಿತ್ತು. ಡಾಕ್ಟರಿಗೆ ಹೇಳದ್ದನ್ನೂ ನನಗೆ ಹೇಳೋರು. ಮುಚ್ಚಿದ ಮೇಲೆ ಯಾರೂ ಬರಲಿಲ್ಲ." ಅವರು ಕಪ್ಪು ಪರದೆಯ ಕಡೆ ನೋಡಿದರು. "ಅವರೂ ಒಬ್ಬರೇ ಊಟ ಮಾಡ್ತಾರೆ. ನಾನೂ ಒಬ್ಬನೇ. ಒಂದೇ ಹೊತ್ತಿಗೆ ಕೂತ್ರೆ ಯಾರಿಗೆ ನಷ್ಟ ಅಂದ್ಕೊಂಡೆ."

"ಕಿಂಡಿಗೆ ಬಂದವರು ತಾವಾಗಿ ಬರ್ತಿದ್ರು ಕಾಂಪೌಂಡ್ರೇ. ಬೇಕಾದ್ದು ಹೇಳ್ತಿದ್ರು, ಬೇಡದ್ದು ಬಿಡ್ತಿದ್ರು." ಹುಡುಕಮ್ಮನ ದನಿ ಏರಲಿಲ್ಲ. "ಒಬ್ಬಳೇ ಕೂತು ಒಂದು ತುತ್ತು ತಿನ್ನೋದಕ್ಕೆ ಆ ಹುಡುಗಿ ಏನೇನು ಬಿಟ್ಟು ಬಂದಿದ್ದಾಳೆ ಗೊತ್ತಾ ನಿಮಗೆ? ಅವಳು ಒಂಟಿಯಾಗಿಲ್ಲ. ಅವಳು ಒಬ್ಬಳೇ ಇದ್ದಾಳೆ. ನೀವು ಅದನ್ನೂ ಬಿಡಲಿಲ್ಲ."

ಕಾಂಪೌಂಡರು ತಟ್ಟೆಯಲ್ಲಿದ್ದ ಅನ್ನವನ್ನು ನೋಡುತ್ತ ಕೂತರು. ಅದು ಆರಿ ಅಂಚು ಒಣಗುತ್ತಿತ್ತು.

ಹುಡುಕಮ್ಮನಿಗೆ ಸಿಟ್ಟು ಬರಬೇಕಾಗಿತ್ತು. ಬಂದಿತ್ತು ಕೂಡ. ಆದರೆ ಅದರ ಅಡಿಯಲ್ಲಿ ಬೇರೊಂದು ಏನೋ ಮಿಸುಕಿತು. ಕಳೆದ ಚಳಿಗಾಲದಲ್ಲಿ ಅವಳು ನಡುಗುತ್ತ ಮಲಗಿದ್ದಾಗ ಅಡಿಗೆಮನೆಯ ನಲ್ಲಿ ಹಗಲೂ ರಾತ್ರಿ ತೊಟ್ಟಿಕ್ಕಿತ್ತು. ಎದ್ದು ಅದನ್ನು ಬಿಗಿ ಮಾಡುವವರು ಯಾರೂ ಇರಲಿಲ್ಲ. ಆಗ ತನ್ನ ಕಿಟಕಿಯಂಚಿನಲ್ಲಿ ಇಂಥದ್ದೊಂದು ಪೊಟ್ಟಣ ಕಂಡಿದ್ದರೆ ತಾನು ಹೆದರುತ್ತಿದ್ದಳೇ? ಆ ಯೋಚನೆಯನ್ನು ಅವಳು ಅಲ್ಲಿಗೇ ಬಿಟ್ಟಳು.

"ಜ್ವರ ಅಂತ ಕಂಡಾಗ ಹೋಗಿ ಬಾಗಿಲು ತಟ್ಟಬಹುದಿತ್ತಲ್ಲ?"

"ತಟ್ಟಿ ಏನಂತ ಹೇಳ್ಲಿ? ನೀವು ಎದ್ದಿಲ್ಲ ಅಂತ ನನಗೆ ಗೊತ್ತು ಅಂತಲಾ?"

"ಒಂದೇ ಮಾತು ಕೇಳ್ತೀನಿ," ಎಂದಳು ಹುಡುಕಮ್ಮ. "ಆ ಚಿತ್ರ ಬೇರೆ ಯಾರಾದ್ರೂ ನೋಡಿದ್ದಾರಾ?"

ಕಾಂಪೌಂಡರ ಉಗುರು ಮತ್ತೆ ಪೊಟ್ಟಣದ ಮೂಲೆಗೆ ಹೋಯಿತು. ಸರಿಯಾಗಿದ್ದ ಮಡಿಕೆಯನ್ನು ಮತ್ತೊಮ್ಮೆ ತೀಡಿತು.

"ಮಾತ್ರೆ ಇಟ್ಟೆ, ಮುಟ್ಟಲಿಲ್ಲ. ನೀರಿಗೂ ಏಳಲಿಲ್ಲ. ನನ್ನ ಜೀವ ನಿಲ್ಲಲಿಲ್ಲ ತಾಯಿ. ನಮ್ಮ ನಿವಾಸಿಗಳ ಫೋನ್ ಗುಂಪಿದೆಯಲ್ಲ, ಅದರಲ್ಲಿ ಹಾಕಿದೆ. ಮುಖ ಮಾತ್ರ. ಈ ಹೆಣ್ಣುಮಗಳಿಗೆ ಹುಷಾರಿಲ್ಲ, ಇವರ ಕಡೆಯವರು ಯಾರಾದ್ರೂ ಗೊತ್ತಿದ್ರೆ ತಿಳಿಸಿ ಅಂತ, ನನ್ನ ನಂಬರ್ ಹಾಕಿ. ಅವರಿವರು ಎಲ್ಲಿಗೋ ಕಳಿಸಿದ್ರು ಅಂತ ಕಾಣುತ್ತೆ." ಅವರ ಮುಖದಲ್ಲಿ ಒಂದಿಷ್ಟು ಬೆಳಕು ಬಂತು. "ಒಳ್ಳೇದೇ ಆಯ್ತು. ಇವತ್ತು ಬೆಳಿಗ್ಗೆ ಅವರ ಕಡೆಯವರೇ ಫೋನ್ ಮಾಡಿದ್ರು."

"ಯಾರು?"

"ಅವರ ಅಣ್ಣ."

ಹುಡುಕಮ್ಮ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು.

"ಬಹಳ ಒಳ್ಳೆಯವರು. ತಂಗಿ ಸಿಕ್ಕಿದ್ಲಲ್ಲ ಅಂತ ಫೋನಿನಲ್ಲೇ ಅತ್ತುಬಿಟ್ರು. ನನಗೂ ಕಣ್ಣಲ್ಲಿ ನೀರು ಬಂತು."

"ಅವಳಿಗೆ ಅಣ್ಣ ಇಲ್ಲ," ಎಂದಳು ಹುಡುಕಮ್ಮ.

ಕಾಂಪೌಂಡರು ಪೊಟ್ಟಣದಿಂದ ಕೈ ತೆಗೆದರು.

"ಏನು ಹೇಳಿದ್ರಿ ಅವನಿಗೆ?"

"ಬ್ಲಾಕು. ಮಹಡಿ. ಒಳಗಿಂದ ಎದ್ದು ಬಾಗಿಲು ತೆಗೆಯೋ ಶಕ್ತಿ ಇಲ್ಲದಿದ್ರೆ ಅಂತ..." ಅವರ ದನಿ ನಿಂತುಹೋಯಿತು. "ಸಂಘದ ಕಚೇರಿಯಲ್ಲಿ ಇನ್ನೊಂದು ಕೀ ಇರುತ್ತೆ ಅಂತ."

ಖಾಲಿ ಕೊಕ್ಕೆ. ಹುಡುಕಮ್ಮ ಆಗಲೇ ಕಾರ್ಯದರ್ಶಿಯ ನಂಬರನ್ನು ಒತ್ತುತ್ತಿದ್ದಳು.

"ಮೇಡಂ, ಮನೆ ಒಪ್ಪಿಗೆನಾ?"

"ಮೊದಲನೇ ಬ್ಲಾಕು, ಐದನೇ ಮಹಡಿ, ಹೊಲಿಗೆಯವಳ ಮನೆ ಕೀ ಎಲ್ಲಿದೆ?"

"ಅದಾ? ಅವರ ಅಣ್ಣ ತಗೊಂಡ್ರಲ್ಲ. ನೀವು ಬಂದಾಗ ಇಲ್ಲೇ ಬೆಂಚಿನ ಮೇಲೆ ಕೂತಿದ್ರು, ಪೇಪರ್ ಓದ್ತಾ. ಕೀ ಇಸ್ಕೊಂಡು ಹೊರಟಿದ್ದೋರು ನೀವು ಬಾಗಿಲಿಗೆ ಬಂದ ತಕ್ಷಣ ಯಾಕೋ ಮತ್ತೆ ಕೂತ್ರು. ಆಮೇಲೆ ನಿಮ್ಮ ಬಗ್ಗೆನೇ ವಿಚಾರಿಸಿದ್ರು ನೋಡಿ. ಈ ಅಮ್ಮ ಇಲ್ಲಿಗೆ ಆಗಾಗ ಬರ್ತಾರಾ ಅಂತ."

"ಈಗ ಎಲ್ಲಿದ್ದಾನೆ?"

"ಈಗಷ್ಟೇ ಲಿಫ್ಟ್ ಹತ್ತಿದ್ರು."

"ಓಡಿ. ಅವನನ್ನ ತಡೀರಿ. ಅವನು ಅಣ್ಣ ಅಲ್ಲ."

"ಏನು ಮೇಡಂ ನೀವು," ಎಂದರು ಕಾರ್ಯದರ್ಶಿ, ನೊಂದವರ ಹಾಗೆ. "ಅದು ಅವರ ಮನೆ ವಿಷಯ. ಇನ್ನೊಬ್ಬರ ಮನೇಲಿ ಇಣುಕಿ ನೋಡೋ ಅಭ್ಯಾಸ ನನಗಿಲ್ಲ."

ಹುಡುಕಮ್ಮ ಫೋನನ್ನು ಸೊಂಟಕ್ಕೆ ಸಿಕ್ಕಿಸಿ ಬಾಗಿಲಿಗೆ ನಡೆದಳು. ಹುಡುಕುವುದೇ ಕಸುಬಾದವಳು, ಕೈಗೆಟಕುವ ದೂರದಲ್ಲಿ ಕೂತವನನ್ನು ಕಾಣದೆ ಬಂದಿದ್ದಳು. ಒಂದು ಸಮಾಧಾನವೆಂದರೆ ಚಿಲಕ. ಕೀ ತಿರುಗಬಹುದು, ಬಾಗಿಲು ತೆರೆಯಲಾರದು. ಚಿಲಕ ಬಿದ್ದ ಸದ್ದನ್ನು ತಾನೇ ಕೇಳಿಸಿಕೊಂಡಿದ್ದಾಳೆ. ಒಂದು ಚಪ್ಪಲಿ ಸಿಕ್ಕಿತು, ಇನ್ನೊಂದು ಕಾಲಿಗೆ ಏರಲೊಲ್ಲದು.

ಹಿಂದೆ ಗುಂಯ್ ಎಂದಿತು.

ತಿರುಗಿದಳು. ಹೊಸ್ತಿಲಲ್ಲಿದ್ದ ಬೂದು ಯಂತ್ರ ಅಲ್ಲಿರಲಿಲ್ಲ. ಕಾಂಪೌಂಡರು ಎರಡೂ ಕೈಯಲ್ಲಿ ಅದನ್ನು ಹಾರಿಸುವ ಹಿಡಿಕೆಯನ್ನು ಹಿಡಿದು, ಪರದೆಯ ಮುಂದೆ ನೆಲದ ಮೇಲೆ ಮಂಡಿಯೂರಿದ್ದರು. ಅವರ ಕೆನ್ನೆ ಒದ್ದೆಯಾಗಿತ್ತು.

"ಮೆಟ್ಟಿಲು ಹತ್ತಿ ನೀವು ಯಾವಾಗ ಮುಟ್ಟೋದು ತಾಯಿ? ಇದು ಈಗ ಹೋಗಿಬಿಡುತ್ತೆ. ಅವರು ಚೆನ್ನಾಗಿದ್ದಾರಾ ಅಂತ ಒಂದು ಸಲ ನೋಡಿಬಿಡ್ತೀನಿ. ಒಂದೇ ಸಲ."

ಪರದೆಯಲ್ಲಿ ಆಕಾಶ ಓಡಿತು, ಗೋಡೆ ಓಡಿತು, ಕಿಟಕಿ ಬಂದು ನಿಂತಿತು. ಒಂದು ಗೇಣು ತೆರೆದ ಕಿಟಕಿಬಟ್ಟೆಯ ಆಚೆ ಹೊಲಿಗೆಯವಳು ಯಂತ್ರದ ಮುಂದೆ ಕೂತಿದ್ದಳು. ಕೈ ನಿಂತಿತ್ತು. ತಲೆ ಬಾಗಿಲ ಕಡೆಗೆ ತಿರುಗಿತ್ತು. ಅಲ್ಲಿ ಏನೋ ಕೇಳಿಸಿರಬೇಕು. ಆದರೂ ಅವಳು ಏಳಲಿಲ್ಲ. ತುಟಿ ಅಲುಗಿತು, ಯಾರು ಎಂದು ಕೇಳುತ್ತಿದ್ದಳೇನೋ. ಚಿಲಕ ಹಾಕಿದ್ದು ಹಾಗೇ ಕಾಣುತ್ತಿತ್ತು.

"ಜಾಣೆ," ಎಂದಳು ಹುಡುಕಮ್ಮ, ಉಸಿರು ಬಿಡದೆ. "ಹಾಗೇ ಕೂತಿರು."

ಆಮೇಲೆ ಅವಳಿಗೆ ಹೊಳೆಯಿತು.

"ಇಳಿಸಿ," ಎಂದಳು. "ಕಾಂಪೌಂಡ್ರೇ, ಇಳಿಸಿ ಅದನ್ನ. ಅವಳಿಗೆ ಕಾಣಬಾರದು."

"ಇನ್ನೊಂದು ಚೂರು ಹತ್ತಿರ..."

ಹೊಲಿಗೆಯವಳು ಕಿಟಕಿಯ ಕಡೆಗೆ ಮುಖ ತಿರುಗಿಸಿದಳು.

ಪರದೆಯ ತುಂಬ ಅವಳ ಮುಖ ಬಂತು. ಅವಳ ಕಣ್ಣು ನೇರವಾಗಿ ಇವರಿಬ್ಬರ ಕಣ್ಣಿಗೆ ಸಿಕ್ಕಿತು, ಎದುರು ಕುರ್ಚಿಯಲ್ಲಿ ಕೂತವರ ಹಾಗೆ. ಕಾಂಪೌಂಡರು ಏನೋ ಹೇಳಲು ಹೋದರು. ಆದರೆ ಆ ಯಂತ್ರಕ್ಕೆ ಕಣ್ಣಿತ್ತು, ಬಾಯಿರಲಿಲ್ಲ.

ಅವಳು ಎದ್ದಳು. ಕುರ್ಚಿ ಉರುಳಿತು. ಗಂಡನ ಕಣ್ಣೇ ಕಿಟಕಿಯ ಹೊರಗೆ ಬಂದು ನಿಂತಿದೆಯೆಂದು ತಿಳಿದವಳು ಒಂದೊಂದೇ ಹೆಜ್ಜೆ ಹಿಂದೆ ಸರಿದಳು, ಕಿಟಕಿಯಿಂದ ದೂರ, ಬಾಗಿಲ ಕಡೆಗೆ. ಬಾಗಿಲಾಚೆ ತಟ್ಟುತ್ತಿರುವವಳು ಹುಡುಕಮ್ಮನೇ ಎಂಬ ಒಂದೇ ಭರವಸೆಯ ಕಡೆಗೆ.

ಬೆನ್ನು ಬಾಗಿಲಿಗೆ ತಾಗಿತು. ಕಣ್ಣನ್ನು ಕಿಟಕಿಯಿಂದ ಕೀಳದೆ, ಕೈಯನ್ನು ಹಿಂದೆ ಚಾಚಿ, ಕತ್ತಲಲ್ಲಿ ಪೊಟ್ಟಣದ ಮೂಲೆಯನ್ನು ಹುಡುಕುವವರಂತೆ ತಡವುತ್ತ ತಡವುತ್ತ, ಅವಳು ಚಿಲಕವನ್ನು ಹಿಡಿದಳು.